ಪಿಕ್ ಡೇಟಾಬೇಸ್‌ಗೆ ಹೊಸಬರನ್ನು ಇಳಿಸುವುದು: ನನ್ನ ಅನುಭವ

ನಮ್ಮ ಟೀಮ್‌ಗೆ ಬರುವ ಹುಡುಗರಿಗೆ ಎಸ್‌ಕ್ಯೂಎಲ್ (ಟೇಬಲ್‌ಗಳಲ್ಲಿ ಡೇಟಾ ಇಡುವ ಡೇಟಾಬೇಸ್‌ಗಳ ಭಾಷೆ) ಚೆನ್ನಾಗಿ ಗೊತ್ತಿರುತ್ತದೆ. ತೊಡಕು ಶುರುವಾಗೋದೇ ಅಲ್ಲಿ. ನಾವು ಕೆಲಸ ಮಾಡುವುದು ಯೂನಿವರ್ಸ್ ಮೇಲೆ. ಅದು ಪಿಕ್ ವಂಶದ ಮಲ್ಟಿವ್ಯಾಲ್ಯೂ ಡೇಟಾಬೇಸ್, ಅಂದರೆ ಒಂದೇ ಫೀಲ್ಡ್‌ನಲ್ಲಿ ಹಲವು ವ್ಯಾಲ್ಯೂ ಇಡಬಹುದಾದದ್ದು. ಈ ವಂಶದ ಮೂಲ 1960ರ ದಶಕದ್ದು: ಟಿಆರ್‌ಡಬ್ಲ್ಯೂ ಕಂಪನಿಯಲ್ಲಿ ಡಿಕ್ ಪಿಕ್, ಡಾನ್ ನೆಲ್ಸನ್ ಇಬ್ಬರೂ ಅಮೆರಿಕದ ಸೇನೆಯ ಹೆಲಿಕಾಪ್ಟರ್ ಯೋಜನೆಗೆಂದು ಮಾಡಿದ ಕೆಲಸ. ಹೊಸಬರು ಬಂದವರೇ "ಸ್ಕೀಮಾ ಎಲ್ಲಿದೆ?" ಅಂತ ಕೇಳುತ್ತಾರೆ, ಅಂದರೆ ಎಲ್ಲಿ ಏನಿರಬೇಕು ಅಂತ ಕಟ್ಟುಮಾಡಿದ ನಕ್ಷೆ. ನೀವಂದುಕೊಂಡ ಹಾಗೆ ಇಲ್ಲ ಅಂದರೆ ಮುಖ ಸಪ್ಪಗಾಗುತ್ತದೆ.

ಅದಕ್ಕೇ ನಾನು ಕಮಾಂಡ್‌ಗಳಿಂದ ಶುರು ಮಾಡುವುದಿಲ್ಲ. ಟೆಸ್ಟ್ ಅಕೌಂಟ್‌ನಲ್ಲಿ ಒಂದೇ ಒಂದು ಆರ್ಡರ್ ರೆಕಾರ್ಡ್ ತೆಗೆದು, ಇದ್ದದ್ದು ಇದ್ದ ಹಾಗೆ ತೋರಿಸುತ್ತೇನೆ. ಸಿಟಿ ಅನ್ನುವ ಕಮಾಂಡ್ ಕೊಟ್ಟರೆ ಹೆಚ್ಚುಕಮ್ಮಿ ಹೀಗೆ ಕಾಣುತ್ತದೆ:

1: 4471
2: 9999
3: ನಟ್ | ಬೋಲ್ಟ್ | ವಾಷರ್
4: 200 | 150 | 75
5: 40000 | 125050 | 9000

ಒಂದೊಂದು ಸಾಲೂ ಒಂದು ಫೀಲ್ಡ್. ಇದೆಲ್ಲ ಒಳಗೆ ಒಂದೇ ಉದ್ದನೆಯ ಸ್ಟ್ರಿಂಗ್, ಅಂದರೆ ಅಕ್ಷರಗಳ ಸರ. ಫೀಲ್ಡ್‌ಗಳ ನಡುವೆ 254ನೇ ಕ್ಯಾರೆಕ್ಟರ್, ಒಂದು ಫೀಲ್ಡ್‌ನೊಳಗಿನ ವ್ಯಾಲ್ಯೂಗಳ ನಡುವೆ 253ನೆಯದು. ನಾನು ಗೆರೆ ಎಳೆದಿರುವುದು ಆ 253ರ ಜಾಗದಲ್ಲಿ. ಎಸ್‌ಕ್ಯೂಎಲ್‌ನಲ್ಲಾದರೆ ಆರ್ಡರ್ ಒಂದು ಟೇಬಲ್, ಐಟಂಗಳು ಇನ್ನೊಂದು ಟೇಬಲ್, ಎರಡನ್ನೂ ಕೂಡಿಸಲು ಜಾಯಿನ್. ಇಲ್ಲಿ ಆರ್ಡರ್‌ನ ಹೊಟ್ಟೆಯೊಳಗೇ ಐಟಂಗಳು. 4ನೇ ಫೀಲ್ಡ್‌ನ ಎರಡನೇ ಸಂಖ್ಯೆ 3ನೇ ಫೀಲ್ಡ್‌ನ ಎರಡನೇ ಐಟಂಗೆ ಸೇರಿದ್ದು ಅಂತ ಕಾಯುವವರು ಯಾರೂ ಇಲ್ಲ, ಪ್ರೋಗ್ರಾಂ ಬರೆದವರ ಶಿಸ್ತು ಅಷ್ಟೇ. ಒಂದು ಕಡೆ ಅಳಿಸಿ ಇನ್ನೊಂದು ಕಡೆ ಮರೆತರೆ ಮುಂದಿನದೆಲ್ಲ ಒಂದೊಂದು ಮನೆ ಜರುಗುತ್ತದೆ.

ಆಮೇಲೆ ಕೇಳುತ್ತೇನೆ: ಇದರಲ್ಲಿ ತಾರೀಕು ಯಾವುದು? ಯಾರಿಗೂ ಹೊಳೆಯುವುದಿಲ್ಲ. ಅದು 9999. ಪಿಕ್‌ನಲ್ಲಿ 31 ಡಿಸೆಂಬರ್ 1967 ಸೊನ್ನೆಯ ದಿನ, ಅಲ್ಲಿಂದ ಎಣಿಕೆ. ಆ ಲೆಕ್ಕದಲ್ಲಿ 9999 ಅಂದರೆ 17 ಮೇ 1995. ಹಾಗೇ 125050 ಅಂದರೆ 1250.50, ದಶಾಂಶದ ಚುಕ್ಕಿಯನ್ನು ಒಳಗೆ ಇಡುವುದಿಲ್ಲ.

ಇಷ್ಟು ತಲೆ ಕೆರೆದುಕೊಂಡ ಮೇಲೆಯೇ ಡಿಕ್ಷನರಿ. ಪ್ರತಿ ಫೈಲ್‌ಗೂ ಜೊತೆಯಲ್ಲಿ ಒಂದು ಡಿಕ್ಷನರಿ ಫೈಲ್ ಇರುತ್ತದೆ. ಎಷ್ಟನೇ ಫೀಲ್ಡ್, ತೋರಿಸುವಾಗ ಹೇಗೆ ಬದಲಿಸಬೇಕು, ತಲೆಬರಹ ಏನು, ಎಷ್ಟು ಅಗಲ, ಒಂದೇ ವ್ಯಾಲ್ಯೂನಾ ಹಲವಾ, ಇವೆಲ್ಲ ಅದರಲ್ಲಿ. ಹೊಸಬರು ಇದನ್ನೇ ಸ್ಕೀಮಾ ಅಂದುಕೊಂಡುಬಿಡುತ್ತಾರೆ. ಅಲ್ಲ. ಅದು ಡೇಟಾ ಬಗ್ಗೆ ಯಾರೋ ಹೇಳಿದ ಮಾತು. ಒಂದೇ ಫೀಲ್ಡ್‌ಗೆ ಮೂರು ಹೆಸರಿರಬಹುದು. ತಾರೀಕು ಅಂತ ಬರೆದ ಕಡೆ ಪ್ರೋಗ್ರಾಂ ಫೋನ್ ನಂಬರ್ ತುಂಬಿದರೂ ಯಾರೂ ತಡೆಯುವುದಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ಅವರ ಕೈಯಲ್ಲೇ 2ನೇ ಫೀಲ್ಡ್‌ಗೆ ಹೊಸದೊಂದು ಡಿಕ್ಷನರಿ ಐಟಂ ಬರೆಸುತ್ತೇನೆ, ಫೈಲ್ ತೋರಿಸುವ ಲಿಸ್ಟ್ ಕಮಾಂಡ್ ಕೊಡಿಸುತ್ತೇನೆ. ತಾರೀಕು ಸರಿಯಾಗಿ ಬಂದ ಕೂಡಲೇ ಭಯ ಅರ್ಧ ಇಳಿಯುತ್ತದೆ.

ಬೇಕಂತಲೇ ಆ ಐಟಂನ ಅಗಲದ ಪಕ್ಕದಲ್ಲಿ ಎಡಕ್ಕೆ ಜೋಡಿಸು, ಅಂದರೆ 'ಎಲ್' ಅಂತ ಹಾಕಿಸುತ್ತೇನೆ. ನಂತರ ತಾರೀಕಿನ ಪ್ರಕಾರ ಸಾರ್ಟ್ ಮಾಡಿಸಿದರೆ ಮೇ 1995ರ ಆಸುಪಾಸಿನ ಆರ್ಡರ್‌ಗಳು ತಲೆಕೆಳಗಾಗಿ ಬರುತ್ತವೆ. 18 ಮೇ 1995ಕ್ಕೆ ದಿನದ ಸಂಖ್ಯೆ 10000 ಆಯಿತು. ಎಡಕ್ಕೆ ಅಂದರೆ ಯೂನಿವರ್ಸ್ ಅದನ್ನು ಅಕ್ಷರಗಳ ಹಾಗೆ ಸಾರ್ಟ್ ಮಾಡುತ್ತದೆ, ಆಗ 10000 ಬಂದು 9999ಕ್ಕಿಂತ ಮುಂದೆ ಕೂರುತ್ತದೆ. 'ಆರ್', ಅಂದರೆ ಬಲಕ್ಕೆ, ಅಂತ ಬದಲಿಸಿದರೆ ಸಂಖ್ಯೆಯಾಗಿ ನೋಡುತ್ತದೆ, ಎಲ್ಲ ಸರಿಹೋಗುತ್ತದೆ. ಬರೀ ಅಂದ ಚಂದಕ್ಕೆ ಅಂತ ಕಾಣುವ ಒಂದಕ್ಷರ ಇಷ್ಟು ಕೆಲಸ ಮಾಡುತ್ತದೆ ಅನ್ನೋದು ಒಮ್ಮೆ ಕಣ್ಣಾರೆ ಕಂಡರೆ ಮರೆಯೋದಿಲ್ಲ.

ಸೆಲೆಕ್ಟ್ ಬಗ್ಗೆ ಮಾತ್ರ ಮೊದಲೇ ಎಚ್ಚರಿಸುತ್ತೇನೆ. ಎಸ್‌ಕ್ಯೂಎಲ್‌ನ ಹಾಗೆ ಇಲ್ಲಿ ಸೆಲೆಕ್ಟ್ ರೆಕಾರ್ಡ್‌ಗಳನ್ನು ತೋರಿಸುವುದಿಲ್ಲ, ಸುಮ್ನೆ ಅವುಗಳ ಐಡಿಗಳ ಪಟ್ಟಿ ಮಾಡಿ ಕೈಯಲ್ಲಿ ಹಿಡಿದು ನಿಲ್ಲುತ್ತದೆ. ಮುಂದಿನ ಕಮಾಂಡ್ ಆ ಪಟ್ಟಿಯ ಮೇಲೆ ಮಾತ್ರ ನಡೆಯುತ್ತದೆ, ಅಳಿಸುವ ಕಮಾಂಡ್ ಆದರೂ ಅಷ್ಟೇ. "ಇಷ್ಟು ದೊಡ್ಡ ಫೈಲ್‌ನಲ್ಲಿ ನಾಲ್ಕೇ ರೆಕಾರ್ಡಾ?" ಅಂತ ಯಾರಾದರೂ ಬಂದರೆ ನಾನು ನೋಡೋದು ಅವರ ಪ್ರಾಂಪ್ಟ್, ಅಂದರೆ ಕಮಾಂಡ್ ಟೈಪ್ ಮಾಡುವ ಜಾಗದ ಗುರುತು. ಒಂದು ಬಾಣದ (>) ಬದಲು ಎರಡಿದ್ದರೆ ಪಟ್ಟಿ ಇನ್ನೂ ಜೀವಂತ. ಕ್ಲಿಯರ್‌ಸೆಲೆಕ್ಟ್ ಕೊಟ್ಟರೆ ಮುಗಿಯಿತು.

ಕೊನೆಗೆ ನಿಜವಾದ ಒಂದು ಪ್ರಶ್ನೆ ಕೊಡುತ್ತೇನೆ, ಯಾವುದೋ ವಿಭಾಗದವರು ಕೇಳಿ ಬಾಕಿ ಉಳಿದದ್ದು. ಉತ್ತರ ಡಿಕ್ಷನರಿಯಲ್ಲಿ ಪೂರ್ತಿ ಸಿಗುವುದಿಲ್ಲ, ಬೇಸಿಕ್ ಭಾಷೆಯ ಪ್ರೋಗ್ರಾಂ ತೆರೆದು ಆ ಫೀಲ್ಡ್‌ಗೆ ಬರೆಯುವವರು ಯಾರು ಅಂತ ಹುಡುಕಲೇಬೇಕು. ಹ್ಯಾಶ್ ಫೈಲ್, ಮಾಡ್ಯುಲೋ, ಓವರ್‌ಫ್ಲೋ ಅಂತ ಡಿಸ್ಕ್‌ನಲ್ಲಿ ಫೈಲ್ ಹೇಗೆ ಕೂತಿರುತ್ತದೆ ಅನ್ನುವ ಮಾತನ್ನೆಲ್ಲ ಆ ಹೊತ್ತಿಗೆ ನಾನು ಎತ್ತುವುದೇ ಇಲ್ಲ. ರಿಪೋರ್ಟ್ ಯಾಕೆ ಇಷ್ಟು ನಿಧಾನ ಅಂತ ಅವರೇ ಕೇಳಿಕೊಂಡು ಬಂದಾಗ ಹೇಳಿದರಾಯಿತು.