ಬಂಡೆ ಹತ್ತುವ ಮೊದಲು ಹಗ್ಗ ಹಿಡಿಯುವುದನ್ನು ಕಲಿಯಿರಿ

ಬಂಡೆ ಹತ್ತುವುದು ಕಲಿಸಿ ಅಂತ ಬರುವವರ ಕೈಗೆ ನಾನು ಮೊದಲು ಹಗ್ಗ ಕೊಡುತ್ತೇನೆ. ಪಾಂಡವಪುರದಿಂದ ಬಂದ ನಮ್ಮ ಚಿಕ್ಕಪ್ಪನ ಮಗಳು ಮೈಸೂರಿನ ನಮ್ಮ ಮನೆಯ ಹಾಲಿನಲ್ಲಿ ಸಂಜೆಯೆಲ್ಲ ಕೂತು ಬರೀ ಗಂಟು ಹಾಕಿದಳು. "ಅಕ್ಕಾ, ಬೆಟ್ಟಕ್ಕೆ ಯಾವಾಗ?" ಅಂತ ಮುಖ ಊದಿಸಿಕೊಂಡಳು. ಆದರೆ ಮೇಲೆ ಹೋದವರ ಜೀವ ಕೆಳಗೆ ಹಗ್ಗ ಹಿಡಿದವರ ಕೈಯಲ್ಲಿರುತ್ತದೆ. ಹಿಡಿಯಲು ಬರದವರು ಹತ್ತಲು ಅವಸರ ಮಾಡಬಾರದು.

ಶುರು ಮಾಡುವವರಿಗೆ ಟಾಪ್ ರೋಪ್ ವಿಧಾನವೇ ಸರಿ. ಬಂಡೆಯ ತಲೆಯ ಮೇಲೆ ಆಂಕರ್, ಅಂದರೆ ಹಗ್ಗಕ್ಕೆ ಭದ್ರವಾದ ಆಧಾರ ಕಟ್ಟಿ, ಅದರ ಮೂಲಕ ಹಗ್ಗ ಇಳಿಬಿಟ್ಟಿರುತ್ತಾರೆ. ಒಂದು ತುದಿ ಹತ್ತುವವರು ಸೊಂಟಕ್ಕೂ ತೊಡೆಗೂ ಕಟ್ಟಿಕೊಂಡ ಪಟ್ಟಿಗೆ, ಅಂದರೆ ಹಾರ್ನೆಸ್‌ಗೆ, ಇನ್ನೊಂದು ಕಡೆ ಕೆಳಗಿರುವವರ ಬಿಲೇ ಸಾಧನಕ್ಕೆ. ಕೆಳಗೆ ನಿಂತು ಹಗ್ಗ ಹಿಡಿದು ಕಾಯುವುದೇ ಬಿಲೇ. ಆಂಕರ್ ಕಟ್ಟುವುದು ಅನುಭವಿಗಳ ಕೆಲಸ. ನೀವು ಅದಕ್ಕೆ ಕೈ ಹಾಕಬೇಡಿ.

ನೀವು ಕಲಿಯಬೇಕಾದ ಗಂಟು ಫಿಗರ್ ಎಯ್ಟ್. ಹಗ್ಗದಲ್ಲಿ ಎಂಟರ ಆಕಾರ ಮಾಡಿ. ತುದಿಯನ್ನು ಹಾರ್ನೆಸ್‌ನ ಮುಂದಿನ ಎರಡೂ ಕುಣಿಕೆಗಳಲ್ಲಿ ತೂರಿಸಿ, ಬಂದ ದಾರಿಯಲ್ಲೇ ವಾಪಸ್ ತನ್ನಿ. ಎಲ್ಲ ಕಡೆ ಎಳೆಗಳು ಜೋಡಿಯಾಗಿ ಕಾಣಬೇಕು, ತುದಿ ಒಂದು ಗೇಣಾದರೂ ಉಳಿಯಬೇಕು. ಬಿಲೇ ಮಾಡುವವರು ಸಡಿಲವಾದ ಹಗ್ಗವನ್ನು ಎಳೆದುಕೊಳ್ಳುತ್ತಾ ಹೋಗಬೇಕು. ಎಳೆದ ಕೂಡಲೇ ಬ್ರೇಕ್ ಕೈಯನ್ನು, ಅಂದರೆ ಸಾಧನದಿಂದ ಹೊರಬಂದ ಹಗ್ಗ ಹಿಡಿದ ಕೈಯನ್ನು, ಸೊಂಟದ ಕೆಳಕ್ಕೆ ತರಬೇಕು. ಆಗ ಸಾಧನದಲ್ಲಿ ಹಗ್ಗ ಮಡಚಿ ಬಿಗಿಯಾಗುತ್ತದೆ. ಸೊಳ್ಳೆ ಕಚ್ಚಲಿ, ಫೋನ್ ಬರಲಿ, ಬ್ರೇಕ್ ಕೈ ಹಗ್ಗ ಬಿಡಬಾರದು. ನೆಲ ಬಿಡುವ ಮುಂಚೆ ಒಬ್ಬರ ಗಂಟು, ಬಕಲ್, ಕ್ಯಾರಬೀನರ್ (ಸಾಧನ ಸಿಕ್ಕಿಸುವ ಲೋಹದ ಕೊಂಡಿ) ಲಾಕ್ ಇನ್ನೊಬ್ಬರು ಮುಟ್ಟಿ ನೋಡಬೇಕು. ಎಷ್ಟೇ ಪಳಗಿದವರಾದರೂ ಇದು ತಪ್ಪಬಾರದು.

ಹಗ್ಗದ ವಿಷಯದಲ್ಲಿ ಮಂಡ್ಯ ಕಡೆಯ ಹುಡುಗರಿಗೆ ಒಂದು ಮಾತು. ಲಾರಿಗೆ ಕಬ್ಬು ಬಿಗಿಯುವ ಹಗ್ಗ ಎಷ್ಟೇ ದಪ್ಪ ಇರಲಿ, ಇದಕ್ಕೆ ಬೇಡ. ಕ್ಲೈಂಬಿಂಗ್‌ಗೆಂದೇ ಮಾಡಿದ ಡೈನಮಿಕ್ ಹಗ್ಗ ಬಿದ್ದಾಗ ಸ್ವಲ್ಪ ಹಿಗ್ಗಿ ಏಟನ್ನು ತಾನು ತಿನ್ನುತ್ತದೆ. ಹಿಗ್ಗದ ಹಗ್ಗದಲ್ಲಿ ಆ ಏಟು ನಿಮ್ಮ ಬೆನ್ನಿಗೆ ಬೀಳುತ್ತದೆ. ಬೈಕ್ ಹೆಲ್ಮೆಟ್ ಕೂಡ ಬೇಡ, ಅದರಲ್ಲಿ ಕತ್ತೆತ್ತಿ ಮೇಲೆ ನೋಡುವುದೇ ಕಷ್ಟ.

ಇನ್ನು ಹತ್ತುವ ವಿಷಯ. ತೋಳಿನ ಬಲ ಜಾಸ್ತಿ ಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಮ್ಮ ಕಡೆಯದು ಗ್ರಾನೈಟ್ ಜಾತಿಯ ಒರಟು ಬಂಡೆ. ಬಾದಾಮಿಯ ಕೆಂಪು ಮರಳುಗಲ್ಲಿನಂತೆ ಎಲ್ಲೆಲ್ಲೂ ಹಿಡಿತ ಸಿಗುವುದಿಲ್ಲ. ಇಳಿಜಾರು ಬಂಡೆಯಲ್ಲಿ ಕ್ಲೈಂಬಿಂಗ್ ಶೂ ಅಂಟಿಕೊಳ್ಳುವುದೇ ಆಸರೆ. ಮೈಯನ್ನು ಬಂಡೆಗೆ ಅಪ್ಪಿಸಬೇಡಿ. ಸೊಂಟ ಸ್ವಲ್ಪ ಹೊರಗಿರಲಿ, ಹಿಮ್ಮಡಿ ತಗ್ಗಲಿ, ಇಡೀ ಭಾರ ಮುಂಗಾಲಿನ ಮೇಲೆ ಬೀಳಲಿ. ಭಯವಾದಾಗ ಮೈ ತಾನಾಗಿ ಬಂಡೆಗೆ ಒರಗುತ್ತದೆ, ಆಗಲೇ ಕಾಲು ಜಾರುವುದು. ಹೆಜ್ಜೆ ಚಿಕ್ಕದಾಗಿರಲಿ. ಕಾಲಿಡುವ ಜಾಗವನ್ನು ಕಣ್ಣಲ್ಲಿ ನೋಡಿ, ಕಾಲು ಕೂರುವವರೆಗೂ ದೃಷ್ಟಿ ತೆಗೆಯಬೇಡಿ. ಹಿಡಿಯುವ ಮುಂಚೆ ಚಕ್ಕೆಗಳನ್ನು ತಟ್ಟಿ ಕೇಳಿ. ಪೊಳ್ಳು ಸದ್ದು ಬಂದರೆ ಬಿಟ್ಟುಬಿಡಿ.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದರೆ ಕಾಲಿಗೂ ಉಸಿರಿಗೂ ಒಳ್ಳೆಯದು, ಆದರೆ ಬಂಡೆಯ ಮೇಲಿನ ಕಾಲ್ಚಳಕ ಬಂಡೆಯ ಮೇಲೇ ಬರಬೇಕು.

ಕಲಿಯುವುದು ಎಲ್ಲಿ? ವಿಡಿಯೋ ನೋಡಿ ಸುಮ್ನೆ ಕುಂತಿಬೆಟ್ಟಕ್ಕೆ ಹೋಗಬೇಡಿ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ನಮ್ಮ ರಾಜ್ಯ ಸರ್ಕಾರದ್ದೇ, ಬಂಡೆ ಹತ್ತುವ ತರಬೇತಿ ಕೊಡುತ್ತದೆ. ಮೈಸೂರಿನಲ್ಲೂ ಸಾಹಸ ಕ್ಲಬ್‌ಗಳಿವೆ. ಸೇರುವ ಮೊದಲು ಕೇಳಿ: ಆಂಕರ್ ಯಾರು ಕಟ್ಟುತ್ತಾರೆ? ಹಗ್ಗಕ್ಕೆ ಎಷ್ಟು ವರ್ಷ? ಪ್ರಥಮ ಚಿಕಿತ್ಸೆ ಗೊತ್ತಿರುವವರು ಇದ್ದಾರಾ? ಉತ್ತರ ಕೊಡಲು ಬೇಜಾರು ಮಾಡಿಕೊಳ್ಳುವವರ ಜೊತೆ ಹೋಗಬೇಡಿ.

ನವೆಂಬರ್‌ನಿಂದ ಫೆಬ್ರವರಿವರೆಗಿನ ಬೆಳಗಿನ ಹೊತ್ತು ಚೆನ್ನ. ಮಳೆಗಾಲದಲ್ಲಿ ಬಂಡೆಗೆ ಪಾಚಿ ಕಟ್ಟುತ್ತದೆ, ಬೇಸಿಗೆಯಲ್ಲಿ ಅಂಗೈ ಇಡಲಾಗದಷ್ಟು ಕಾಯುತ್ತದೆ. ಅರಣ್ಯ ಇಲಾಖೆಯ ಜಾಗವಾದರೆ ಅನುಮತಿ ಪಡೆಯಿರಿ. ಮೇಲುಕೋಟೆಯಂಥ ಕಡೆ ದೇವಸ್ಥಾನ ಹೊತ್ತ ಬಂಡೆಗಳನ್ನು ದಯವಿಟ್ಟು ಬಿಟ್ಟುಬಿಡಿ. ತಲೆ ಎತ್ತಿ ಹೆಜ್ಜೇನು ಇದೆಯಾ ನೋಡಿ. ಗೂಡು ಕಂಡರೆ ಅಲ್ಲಿ ಸೆಂಟ್ ಬೇಡ, ಹೊಗೆ ಬೇಡ, ಕೂಗಾಟ ಬೇಡ. ಆ ಬಂಡೆಯೇ ಬೇಡ. ಹಗ್ಗದಲ್ಲಿ ನೇತಾಡುತ್ತಿರುವಾಗ ಅವು ಎದ್ದರೆ ಓಡುವುದಾದರೂ ಎಲ್ಲಿಗೆ, ಅಲ್ವಾ?

ದುಡ್ಡು ಹಾಕುವುದಾದರೆ ಮೊದಲು ಶೂಗೆ ಹಾಕಿ, ಉಳಿದದ್ದು ಕ್ಲಬ್‌ನದ್ದೇ ಸಾಕು. ಬೆರಳು ತುಸು ಮಡಚುವಷ್ಟು ಬಿಗಿ ಇರಲಿ, ನೋವಾಗುವಷ್ಟು ಬೇಡ. ಒಬ್ಬರು ಹಾಕಿ ಬಿಟ್ಟ ಶೂ ಆದರೂ ಪರವಾಗಿಲ್ಲ. ಹಗ್ಗ, ಹಾರ್ನೆಸ್ ಮಾತ್ರ ಹಳೆಯದು ಕೊಳ್ಳಬೇಡಿ. ಅವು ಎಷ್ಟು ಏಟು ತಿಂದಿವೆ ಅಂತ ಹೊರಗಿಂದ ನೋಡಿದರೆ ತಿಳಿಯುವುದಿಲ್ಲ.