ಉರುಳು ಹುಡುಕುವುದು: ಬೇಲಿಯ ಕಂಡಿಯಿಂದ ಶುರು

ಕೊಡಗಿನ ಕುಟ್ಟ, ಶ್ರೀಮಂಗಲ ಕಡೆ ನಾಗರಹೊಳೆಯ ಅಂಚಿನ ಕಾಫಿ ತೋಟಗಳಲ್ಲಿ ನಮ್ಮ ಸ್ವಯಂಸೇವಕರ ತಂಡ ಮಾಡುವ ಮುಖ್ಯ ಕೆಲಸ ಒಂದೇ: ಉರುಳು ಹುಡುಕಿ ತೆಗೆಯುವುದು. ಕಟ್ಟುವವರು ಕಟ್ಟುವುದು ಹಂದಿಗೆ. ಅದೇ ಕಂಡಿಯಲ್ಲಿ ಚಿರತೆ, ಸೀಳುನಾಯಿ, ಕೆಲವೊಮ್ಮೆ ಹುಲಿಯೂ ನುಸುಳುತ್ತದೆ. ಉರುಳಿಗೆ ಬಳಸುವುದು ಬೈಕಿನ ಕ್ಲಚ್ ಕೇಬಲ್ಲಿನ ಒಳತಂತಿ, ಅದು ಎಳೆದಷ್ಟೂ ಬಿಗಿಯುತ್ತದೆ.

ಕಾಡೊಳಗೆ ಸುಮ್ಮನೆ ಅಲೆದರೆ ಏನೂ ಸಿಗುವುದಿಲ್ಲ, ಬೇಲಿ ಹಿಡಿದೇ ನಡೆಯಬೇಕು. ಮುಳ್ಳುತಂತಿಯ ಕೆಳಗೆ ಮಣ್ಣು ಸವೆದು ನುಣುಪಾಗಿದ್ದು, ಕೆಳಗಿನ ಎಳೆಗೆ ಒರಟು ಕೂದಲು ಅಂಟಿಕೊಂಡಿದ್ದರೆ ಅದು ಹಂದಿಯ ದಾರಿ. ಅಲ್ಲಿ ಮಂಡಿಯೂರಿ, ಕಣ್ಣನ್ನು ಹಂದಿಯ ಎತ್ತರಕ್ಕೆ ತಂದು ನೋಡಿ. ನಿಂತವರಿಗೆ ತುಕ್ಕು ಹಿಡಿದ ತಂತಿ ಒಣಬಳ್ಳಿಯ ಹಾಗೇ ಕಾಣುತ್ತದೆ. ಕುಣಿಕೆ ಸುಮಾರು ಒಂದಡಿ ಅಗಲ, ನೆಲದಿಂದ ಗೇಣೆತ್ತರ; ಇನ್ನೊಂದು ತುದಿ ಬೇಲಿ ಕಂಬಕ್ಕೋ ಸಿಲ್ವರ್ ಓಕ್ ಬುಡಕ್ಕೋ ಬಿಗಿದಿರುತ್ತದೆ. ಕಂಡಿಯ ಎರಡೂ ಪಕ್ಕ ಲಾಂಟಾನ ಪೊದೆ ಕಡಿದು ಒಟ್ಟಿದ್ದರೆ ಅನುಮಾನವೇ ಬೇಡ, ಪ್ರಾಣಿ ಆಚೀಚೆ ಸರಿಯದಿರಲಿ ಎಂದು ಹಾಕಿದ ತಡೆ ಅದು. ಕಡಿದ ತುದಿ ಇನ್ನೂ ಹಸಿಯಾಗಿದ್ದರೆ ಕಟ್ಟಿ ಒಂದೆರಡು ದಿನವಷ್ಟೇ ಆಗಿದೆ. ಆನೆ ಕಂದಕ ಕುಸಿದ ಜಾಗ, ಗದ್ದೆಗಿಳಿಯುವ ತೋಡಿನ ಬಾಯಿ, ಇವೆರಡನ್ನೂ ಬಿಡಬಾರದು.

ಭತ್ತ ತೆನೆಗಟ್ಟುವಾಗ ಗದ್ದೆಯ ಬದಿಯಲ್ಲಿ ಉರುಳು ಹೆಚ್ಚು. ತೋಟದೊಳಗೆ ಕಾಫಿ ಕೊಯ್ಲಿನ ಹೊತ್ತಿಗೆ ಕಡಿಮೆ, ಎಲ್ಲಾ ಸಾಲಿನಲ್ಲೂ ಜನ ಇರುತ್ತಾರಲ್ಲ. ಕೊಯ್ಲು ಮುಗಿದ ವಾರದಿಂದ ನಾವು ಹುಡುಕಾಟ ಬಿಗಿ ಮಾಡುತ್ತೇವೆ.

ಆರು ಜನ ಸಾಕು: ಇಬ್ಬರು ಬೇಲಿಯ ಒಳಗೆ, ಇಬ್ಬರು ಹೊರಗೆ, ಒಬ್ಬರು ಬರೆಯಲು, ಒಬ್ಬರು ಆನೆಯ ಸದ್ದಿಗೆ ಕಿವಿಗೊಡಲು. ಇಪ್ಪತ್ತು ಜನ ಸೇರಿದರೆ ಹರಟೆ, ಸೆಲ್ಫಿ, ಉರುಳು ಮಾತ್ರ ಇಲ್ಲ. ಮಾಲೀಕರ ಒಪ್ಪಿಗೆ ಬೇಕು, ಅರಣ್ಯ ಇಲಾಖೆಯ ವಲಯ ಕಚೇರಿಗೆ ಮೊದಲೇ ತಿಳಿಸಿ ಫಾರೆಸ್ಟ್ ಗಾರ್ಡ್ ಒಬ್ಬರನ್ನು ಕರೆದುಕೊಳ್ಳಬೇಕು. ಹೊರಡುವ ಮುಂಚೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಹತ್ತಿರ ಆನೆ ರಾತ್ರಿ ಎಲ್ಲಿತ್ತು ಎಂದು ಕೇಳಿ, ಬೆಳಿಗ್ಗೆ ಎಂಟರ ನಂತರವೇ ಇಳಿಯಿರಿ.

ಸಿಕ್ಕ ಉರುಳನ್ನು ಕೂಡಲೇ ಕತ್ತರಿಸಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಉರುಳೊಡ್ಡುವುದೂ, ಅದರ ಪ್ರಯತ್ನವೂ ಬೇಟೆಯೇ. ಹಾಗಾಗಿ ಅದು ಸಾಕ್ಷ್ಯ. ದೂರದಿಂದೊಂದು, ಹತ್ತಿರದಿಂದೊಂದು, ಗಂಟಿನದೊಂದು ಫೋಟೋ, ಜಿಪಿಎಸ್ ಗುರುತು, ತಂತಿಯ ಬಗೆ. ಗಾರ್ಡ್ ಸರಿ ಎಂದ ಮೇಲೆ ಕಟಿಂಗ್ ಪ್ಲೇಯರ್‌ನಿಂದ ಬುಡದ ಗಂಟನ್ನೇ ಬಿಚ್ಚಿ. ಕುಣಿಕೆ ಮಾತ್ರ ಕತ್ತರಿಸಿ ಹೋದರೆ ಉಳಿದ ತಂತಿಗೆ ಸಂಜೆಯೊಳಗೆ ಹೊಸ ಕುಣಿಕೆ ಬೀಳುತ್ತದೆ. ಜಾಗದ ಗುರುತನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಏನೂ ಸಿಗದ ದಿನವನ್ನೂ ಬರೆದಿಡಿ.

ಎರಡನ್ನು ಮುಟ್ಟಲೇಬಾರದು. ಮೊಣಕಾಲೆತ್ತರಕ್ಕೆ ಗೂಟ, ಬಾಟಲಿಗಳ ಮೇಲೆ ಎಳೆದ ಒಂಟಿ ತಂತಿ ಕಂಡರೆ ಲೈನಿನಿಂದ ನೇರ ಕರೆಂಟ್ ಕೊಟ್ಟಿರಬಹುದು. ಸೌರಬೇಲಿ ತಡೆತಡೆದು ಹೊಡೆಯುತ್ತದೆ, ಇದು ಹಿಡಿದರೆ ಬಿಡುವುದಿಲ್ಲ. ವಿದ್ಯುತ್ ಕಂಪನಿ ಸೆಸ್ಕ್‌ನವರು ಲೈನ್ ಆಫ್ ಮಾಡುವವರೆಗೆ ಹತ್ತಿರ ಸುಳಿಯಬೇಡಿ. ಇನ್ನೊಂದು, ಹಂದಿ ದಾರಿಯಲ್ಲಿ ಬಿದ್ದ ಹಿಟ್ಟಿನ ಅಥವಾ ಕೊಬ್ಬಿನ ಉಂಡೆ. ಒಳಗೆ ಸಿಡಿಮದ್ದು ಇರಬಹುದು. ಕಾಲಲ್ಲಿ ಒದೆಯಬೇಡಿ.

ಪ್ರಾಣಿ ಜೀವಂತ ಸಿಕ್ಕಿಕೊಂಡಿದ್ದರೆ ನಮ್ಮ ಕೆಲಸ ಹಿಂದೆ ಸರಿಯುವುದು. ಕಣ್ಣಿಗೆ ಬೀಳದಷ್ಟು ದೂರ ನಿಂತು ವಲಯಾಧಿಕಾರಿಗೆ ಅಥವಾ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಜನ ಸೇರದಂತೆ ದಾರಿ ಕಾಯಿರಿ. ಗುಂಪು ಕಂಡ ಚಿರತೆ ಒದ್ದಾಡುತ್ತದೆ. ತಂತಿ ಇನ್ನೂ ಒಳಗೆ ಇಳಿಯುತ್ತದೆ, ಇಲ್ಲವೇ ತುಂಡಾಗುತ್ತದೆ. ಎರಡೂ ಕೆಟ್ಟದ್ದೇ. ಮೇಲೆ ಗೀರಿನಷ್ಟೇ ಕಂಡರೂ ರಕ್ತ ಓಡದ ಮಾಂಸ ಕೆಲವು ದಿನದಲ್ಲಿ ಕೊಳೆಯುತ್ತದೆ. ಅದಕ್ಕೇ ಪಶುವೈದ್ಯರು ನೋಡದೆ ಬಿಡಿಸಿ ಓಡಿಸಬಾರದು.

ಹಂದಿಯಿಂದ ಬೆಳೆ ಹೋದವರ ಸಿಟ್ಟು ಸುಳ್ಳಲ್ಲ. ಹಾನಿಯ ಫೋಟೋ ಅದೇ ದಿನ ತೆಗೆದು, ಅರಣ್ಯ ಇಲಾಖೆಯ ಆನ್‌ಲೈನ್ ಪರಿಹಾರ ವ್ಯವಸ್ಥೆಯಾದ ಇ-ಪರಿಹಾರದಲ್ಲಿ ಅರ್ಜಿ ಹಾಕಲು ಕೂತು ಸಹಾಯ ಮಾಡಿದ ತೋಟಗಳಲ್ಲಿ ಮುಂದಿನ ಸಲ ಗೇಟು ಬೇಗ ತೆರೆಯುತ್ತದೆ. ಹದಿನೈದು ದಿನ ಬಿಟ್ಟು ಅದೇ ಕಂಡಿಗಳಿಗೆ ಮತ್ತೆ ಹೋಗಿ. ಅದೇ ಕಂಬದಲ್ಲಿ ಹೊಸ ತಂತಿ ಕಂಡರೆ ಕಟ್ಟುವವನು ದಿನಾ ಆ ದಾರಿಯಲ್ಲಿ ಓಡಾಡುವವನೇ. ಆಗ ಗಾರ್ಡನ್ನೂ ರೈಟರನ್ನೂ ಎದುರುಬದುರು ಕೂರಿಸಿ ಮಾತಾಡಬೇಕು.