ಮರಿ ಕೊಳ್ಳುವ ಮುಂಚೆ ತಾಯಿ ನಾಯಿಯನ್ನು ನೋಡಿ

ನಮ್ಮ ಮನೆಗೆ ಮೊದಲ ಲ್ಯಾಬ್ರಡಾರ್ ಮರಿ ಬಂದದ್ದು ಬಿಸ್ಕತ್ತಿನ ರಟ್ಟಿನ ಡಬ್ಬದಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ನೋಡಿ ಅರ್ಧ ದುಡ್ಡು ಕಳಿಸಿದ್ದೆವು. ತುಮಕೂರು ರಸ್ತೆಯ ಪೆಟ್ರೋಲ್ ಬಂಕ್ ಒಂದರ ಹತ್ತಿರ, ಬೈಕಿನಲ್ಲಿ ಬಂದ ಹುಡುಗ ಡಬ್ಬ ಕೈಗಿಟ್ಟು ಉಳಿದದ್ದನ್ನು ಎಣಿಸಿಕೊಂಡ. ‘45 ದಿನದ ಮರಿ ಸಾರ್, ವ್ಯಾಕ್ಸಿನ್ ಎಲ್ಲ ಆಗಿದೆ’ ಅಂದ. ನಾಲ್ಕನೇ ದಿನ ವಾಂತಿ, ಮಾರನೇ ದಿನ ರಕ್ತಭೇದಿ. ಡಾಕ್ಟರು ಪಾರ್ವೊ ಅಂದರು, ಮರಿಗಳ ಕರುಳಿಗೆ ಬರುವ ವೈರಸ್ ರೋಗ. ಡ್ರಿಪ್ ಹಾಕಿದರೂ ಉಳಿಯಲಿಲ್ಲ. ಮಾರಿದವನು ಮತ್ತೆ ಫೋನ್ ಎತ್ತಲೇ ಇಲ್ಲ.

ತಪ್ಪು ನಮ್ಮದೂ ಇತ್ತು. ‘ತಾಯಿ ಎಲ್ಲಿದೆ, ತೋರಿಸ್ತೀರಾ?’ ಅಂತ ಒಂದು ಮಾತು ಕೇಳಲಿಲ್ಲ. ಈಗ ಯಾರಾದರೂ ಮರಿ ತರುತ್ತೇವೆ ಅಂದರೆ ನಾನು ಹೇಳುವುದು ಹೀಗೆ.

ಫೋನಿನಲ್ಲೇ ಮೂರು ಪ್ರಶ್ನೆ

ಮರಿಗೆ ಎಷ್ಟು ದಿನ? ನಿಮ್ಮ ರಿಜಿಸ್ಟ್ರೇಷನ್ ಇದೆಯಾ? ತಾಯಿ ನಾಯಿ ನೋಡಬಹುದಾ? ಇಷ್ಟು ಸಾಕು. ನಾಯಿ ಬ್ರೀಡಿಂಗ್‌ಗೆಂದೇ 2017ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಬ್ರೀಡರ್, ಅಂದರೆ ಮರಿ ಹಾಕಿಸಿ ಮಾರುವವರು, ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. 8 ವಾರ, ಅಂದರೆ 56 ದಿನ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ಆ ಹುಡುಗ ಹೆಮ್ಮೆಯಿಂದ ಹೇಳಿದ ‘45 ದಿನ’ದಲ್ಲೇ ಕಾನೂನು ಮುರಿದಿತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೆ.

ಮಾರುವವರಿಗೆ ಆತುರ ಯಾಕೆ? ಮರಿ ಚಿಕ್ಕದಿದ್ದಷ್ಟೂ ಮುದ್ದು, ಬೇಗ ಬಿಕರಿ. ಇಟ್ಟುಕೊಂಡರೆ ಊಟ, ಲಸಿಕೆ ಅಂತ ಖರ್ಚು. ಮರಿಗಾದರೆ ಆ ದಿನಗಳು ಬೇಕೇ ಬೇಕು. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತೆ ಅಂತ ಅದು ಕಲಿಯುವುದು ಅಮ್ಮ ಮತ್ತು ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡಿಯೇ.

‘ನೀವು ಬರೋದು ಬೇಡ ಸಾರ್, ನಾವೇ ತಂದುಕೊಡ್ತೀವಿ’ ಅಂದರೆ ಅಲ್ಲಿಗೆ ಮಾತು ಮುಗಿಸಿ.

ಹೋಗಿ, ಅಮ್ಮನ ಹೊಟ್ಟೆ ನೋಡಿ

ಇಲ್ಲಿ ಮಾತ್ರ ಅವಸರ ಬೇಡ. ಅರ್ಧ ಗಂಟೆಯಾದರೂ ಕೂತು ನೋಡಿ. ಹಾಲುಣಿಸುತ್ತಿರುವ ನಾಯಿಯ ಮೊಲೆಗಳು ಜೋತು ಬಿದ್ದಿರುತ್ತವೆ. ಮರಿಗಳನ್ನು ಬಿಟ್ಟರೆ ಸೀದಾ ಅದರ ಹೊಟ್ಟೆಗೇ ಓಡುತ್ತವೆ. ಹೊಟ್ಟೆ ಚಪ್ಪಟೆಯಾಗಿದ್ದು ಮರಿಗಳು ಅತ್ತ ತಿರುಗಿಯೂ ನೋಡದಿದ್ದರೆ, ಅದು ತೋರಿಸೋದಕ್ಕೆಂದೇ ಇಟ್ಟ ಚೆಂದದ ನಾಯಿ ಇರಬಹುದು. ನಿಜವಾದ ಅಮ್ಮ ಹಿಂದೆ ಎಲ್ಲೋ ಇರುತ್ತದೆ.

ಅಂಥ ಅಮ್ಮನನ್ನು ಒಮ್ಮೆ ಕಂಡೆ. ಗೆಳೆಯನ ಜೊತೆ ಹೋಗಿದ್ದೆ. ಮೂರನೇ ಮಹಡಿಯ ಮೇಲೆ ತಗಡಿನ ಶೀಟಿನ ಶೆಡ್, ಸಿಮೆಂಟ್ ನೆಲ. ಗೋಲ್ಡನ್ ರಿಟ್ರೀವರ್ ಒಂದು ಮೂಲೆಯಲ್ಲಿ ಮಲಗಿತ್ತು. ಮೊಣಕೈ ಹತ್ತಿರ ಕೂದಲೆಲ್ಲ ಉದುರಿ ಚರ್ಮ ಆನೆ ಚರ್ಮದಂತೆ ಗಟ್ಟಿಯಾಗಿತ್ತು. ಉಗುರು ಬೆಳೆದು ಸುರುಳಿಯಾಗಿದ್ದವು. ಗೇಟು ತೆಗೆದರೂ ಹೊರಗೆ ಬರಲಿಲ್ಲ. ‘ಎಷ್ಟು ಸೂಲಾಗಿದೆ?’ ಅಂತ ಕೇಳಿದೆ. ‘ಪ್ರತಿ ಹೀಟ್‌ಗೂ ಕ್ರಾಸ್ ಮಾಡಿಸ್ತೀವಿ, ಒಳ್ಳೆ ಲೈನ್ ಸಾರ್’ ಅಂದರು.

ಲೆಕ್ಕ ಹಾಕಿ. ಹೆಣ್ಣು ನಾಯಿ ಸುಮಾರು ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಗರ್ಭ 63 ದಿನ. ಪ್ರತಿ ಬೆದೆಗೂ ಕೂಡಿಸಿದರೆ ಐದು ವರ್ಷದಲ್ಲಿ ಹತ್ತು ಸೂಲು. ನಿಯಮದ ಪ್ರಕಾರ ವರ್ಷಕ್ಕೆ ಒಂದೇ, ಜೀವಮಾನಕ್ಕೆ ಐದೇ. ಅದೂ 18 ತಿಂಗಳು ತುಂಬಿದ ಮೇಲೆ.

ಕಾಗದ ಓದಿ

ಲಸಿಕೆ ಕಾರ್ಡಿನಲ್ಲಿ ಬಾಟಲಿಯ ಸ್ಟಿಕರ್, ವೈದ್ಯರ ಸಹಿ, ಸೀಲು ಇರಬೇಕು. ಸುಮ್ನೆ ಪೆನ್ನಿನಲ್ಲಿ ಟಿಕ್ ಹಾಕಿದ್ದರೆ ನಂಬಬೇಡಿ. ರೇಬೀಸ್ ಲಸಿಕೆ ಹಾಕುವುದೇ ಸುಮಾರು ಮೂರು ತಿಂಗಳಿಗೆ. ಒಂದೂವರೆ ತಿಂಗಳ ಮರಿಗೆ ‘ಎಲ್ಲ ಆಗಿದೆ’ ಅಂದರೆ ಆಗಿಲ್ಲ ಅಂತಲೇ ಅರ್ಥ. ಮೈಕ್ರೋಚಿಪ್ (ಚರ್ಮದಡಿ ಹಾಕುವ ಗುರುತಿನ ಚಿಪ್) ಇದೆ ಅಂದರೆ ಅದರ 15 ಅಂಕಿ ಬರೆದುಕೊಳ್ಳಿ.

ಕೆನಲ್ ಕ್ಲಬ್ (ತಳಿ ನಾಯಿಗಳನ್ನು ನೋಂದಾಯಿಸುವ ಸಂಸ್ಥೆ) ಪೇಪರ್ ಇದ್ದರೆ ಜಾಸ್ತಿ ರೇಟು ಹೇಳುತ್ತಾರೆ. ಅದು ವಂಶಾವಳಿ ಅಷ್ಟೆ, ಆರೋಗ್ಯದ ಗ್ಯಾರಂಟಿ ಅಲ್ಲ. ಆದರೆ ಒಂದು ಉಪಯೋಗವಿದೆ: ಅಪ್ಪನ ಕಡೆ, ಅಮ್ಮನ ಕಡೆ ಎರಡರಲ್ಲೂ ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಹತ್ತಿರದ ರಕ್ತದಲ್ಲೇ ಕೂಡಿಸಿದ್ದಾರೆ ಅಂತ ತಿಳಿಯುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಆದರೆ ತಂದೆ ತಾಯಿಯ ಸೊಂಟದ ಎಕ್ಸ್-ರೇ ಕೇಳಿ. ಸೊಂಟದ ಕೀಲು ಸಡಿಲವಾಗುವ ತೊಂದರೆ ಈ ತಳಿಗಳಲ್ಲಿ ರಕ್ತದಲ್ಲೇ ಇಳಿದು ಬರುತ್ತದೆ.

ತಳಿ ವಿಚಾರ ಒಂದು ಮಾತು. ಫೋನ್ ಕಂಪನಿಯ ಜಾಹೀರಾತು ನೋಡಿ ಊರೆಲ್ಲ ‘ಹಚ್ ನಾಯಿ’ ತಂದಿತು. ಚಪ್ಪಟೆ ಮೂತಿಯ ಆ ಪಗ್‌ಗೆ ಬೇಸಿಗೆಯಲ್ಲಿ ಉಸಿರಾಡುವುದೇ ಕೆಲಸ. ನಮ್ಮದೇ ನಾಯಿ ಬೇಕು ಅಂದರೆ ಮುಧೋಳ ಇದೆ, ಅಲ್ಲೇ ತಿಮ್ಮಾಪುರದಲ್ಲಿ ಅದರ ಸರ್ಕಾರಿ ಸಂಶೋಧನಾ ಕೇಂದ್ರವೂ ಇದೆ. ಆದರೆ ಅದು ಓಡುವ ನಾಯಿ. ಎರಡು ಬೆಡ್‌ರೂಮಿನ ಫ್ಲ್ಯಾಟಿಗಲ್ಲ.

ಪಾಪ ಅಂತ ಕೊಳ್ಳಬೇಡಿ

ಆ ಶೆಡ್ಡಿನಲ್ಲಿ ಗೆಳೆಯ ‘ಒಂದನ್ನಾದರೂ ಬಿಡಿಸೋಣ’ ಅಂದ. ನಾನು ಬೇಡ ಅಂದೆ. ಆ ದುಡ್ಡು ಮುಂದಿನ ಸೂಲಿಗೆ ಬಂಡವಾಳ. ಅದರ ಬದಲು ವಿಳಾಸ, ದಿನಾಂಕ, ಸಾಧ್ಯವಾದರೆ ಫೋಟೊ ಇಟ್ಟುಕೊಂಡು ಜಿಲ್ಲಾ ಪ್ರಾಣಿ ದಯಾ ಸಂಘಕ್ಕೋ ಪೊಲೀಸರಿಗೋ ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ನಾವೂ ಕೊಟ್ಟೆವು. ಹಿಂಸೆಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿನ ದಂಡ 10ರಿಂದ 50 ರೂಪಾಯಿ. ಮರಿಯ ಬೆಲೆ ಸಾವಿರಗಳಲ್ಲಿ!

ಮರಿಯೇ ಬೇಕಾ?

ಪಾರ್ವೊ ವೈರಸ್ ಮನೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಬ್ಲೀಚ್ ನೀರಿನಲ್ಲಿ ಒರೆಸಿದರೂ ಸದ್ಯಕ್ಕೆ ಇನ್ನೊಂದು ಮರಿ ತರಬೇಡಿ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಲಸಿಕೆಯೆಲ್ಲ ಆಗಿದ್ದ, ಬ್ರೀಡರ್ ಬೀದಿಗೆ ಬಿಟ್ಟಿದ್ದ ಆರು ವರ್ಷದ ಹೆಣ್ಣು ಲ್ಯಾಬ್ರಡಾರನ್ನು ದತ್ತು ತಂದೆವು. ಇಂಥ ನಾಯಿಗಳು ಆಶ್ರಯ ಕೇಂದ್ರಗಳಲ್ಲಿ ಸಿಗುತ್ತವೆ. ಕೊಡುವ ಮುಂಚೆ ಅವರೇ ನಿಮ್ಮನ್ನು ನೂರು ಪ್ರಶ್ನೆ ಕೇಳುತ್ತಾರೆ, ಬೇಜಾರಾಗಬೇಡಿ. ನಮ್ಮದಕ್ಕೆ ಮೆಟ್ಟಿಲು ಹತ್ತುವುದೇ ಗೊತ್ತಿರಲಿಲ್ಲ. ಮೆಟ್ಟಿಲಿಗೊಂದು ಇಡ್ಲಿ ಚೂರು ಇಟ್ಟು ಕಲಿಸಿದೆವು. ಮೇಲಿನ ಮೆಟ್ಟಿಲಿಗೆ ಬರಲು ಹನ್ನೊಂದು ದಿನ ಹಿಡಿಯಿತು.